ರಾಯಲ್ಪಾಡಿಗೆ ಎಷ್ಟು ಹೊತ್ತಿಗೆ ಬಸ್?

ಶ್ರೀನಿವಾಸಪುರ ತಾಲ್ಲೂಕಿನ ಐದು ಹೋಬಳಿಗಳಲ್ಲಿ ರಾಯಲ್ಪಾಡು ಒಂದು. ಕೋಲಾರ ಜಿಲ್ಲೆ ಇಲ್ಲಿಗೆ ಮುಗಿಯುತ್ತದೆ, ಆಚೆ ಆಂಧ್ರದ ಮದನಪಲ್ಲಿ ಸೀಮೆ. ಮನೆಯೊಳಗೆ ತೆಲುಗು, ಶಾಲೆಯಲ್ಲೂ ನಾಡ ಕಚೇರಿಯಲ್ಲೂ ಕನ್ನಡ, ಸಂತೆಯಲ್ಲಿ ಎರಡೂ. ರೈಲು ಈ ಹೋಬಳಿಯನ್ನು ಮುಟ್ಟಿಲ್ಲ. ತಾಲ್ಲೂಕು ಕಚೇರಿಗೆ ಹೋಗಬೇಕೆಂದರೂ ಕಾಲೇಜಿಗೆ ಹೋಗಬೇಕೆಂದರೂ, ಕೋಲಾರದ ಎಸ್‌ಎನ್‌ಆರ್ ಆಸ್ಪತ್ರೆಗೆ ಹೋಗಬೇಕೆಂದರೂ ಸ್ವಂತ ವಾಹನ ಇಲ್ಲದವರಿಗೆ ಬಸ್ಸೇ ಗತಿ. ಬಸ್ಸು ಬಂದರೆ ಆ ದಿನದ ಕೆಲಸ ಉಂಟು, ಬಾರದಿದ್ದರೆ ಇಲ್ಲ.

ಸಾರ್ವಜನಿಕ ಸಾರಿಗೆ ಎಂದ ಕೂಡಲೇ ನಮ್ಮಲ್ಲಿ ಬೆಂಗಳೂರಿನ ಮಾತು ಶುರುವಾಗುತ್ತದೆ. ಮೆಟ್ರೊ ದರ, ಬಿಎಂಟಿಸಿ ಬಸ್ಸುಗಳ ಕೊರತೆ, ಸಿಲ್ಕ್ ಬೋರ್ಡ್ ಜಂಕ್ಷನ್ನಿನ ದಟ್ಟಣೆ. ಆ ಮಾತು ಬೇಕಾದದ್ದೇ. ಯಾವ ಬಡಾವಣೆ ಯಾವ ಕೆಲಸವನ್ನು ನಂಬಿ ನಿಂತಿದೆ, ಯಾರು ಎಲ್ಲಿ ಮಲಗಿ ಎಲ್ಲಿ ದುಡಿಯುತ್ತಾರೆ ಎಂಬುದು ಬಸ್ ಮಾರ್ಗಗಳಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ. ಆದರೆ ಬೆಂಗಳೂರು ಹೊಸಕೋಟೆಗೇ ಮುಗಿಯುವುದಿಲ್ಲ. ಬೆಳಗಿನ ಜಾವ ಮಾಲೂರು, ಬಂಗಾರಪೇಟೆ, ಕೆಜಿಎಫ್‌ಗಳಲ್ಲಿ ಎದ್ದು ರೈಲು ಹಿಡಿಯುವ ಸಾವಿರಾರು ಜನ ಆ ನಗರದವರೇ. ಆ ನಗರ ತಿನ್ನುವ ಟೊಮ್ಯಾಟೊ, ಮಾವು, ಕುಡಿಯುವ ಹಾಲು ಈ ಸೀಮೆಯವು. ಹೀಗಿರುವಾಗ ಮಹಾನಗರದ ಸಾರಿಗೆಯನ್ನು ಮೆಜೆಸ್ಟಿಕ್‌ನಿಂದ ನೋಡಿದಂತೆಯೇ ರಾಯಲ್ಪಾಡಿನಿಂದಲೂ ನೋಡಬೇಕು. ಇಲ್ಲಿಂದ ನೋಡಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ. ನೂರೈವತ್ತು ವರ್ಷಗಳಲ್ಲಿ ಕೋಲಾರ ಸೀಮೆಗೆ ಬಂದ ಹಳಿ, ರಸ್ತೆ, ಬಸ್ಸು ಹೆಚ್ಚುಪಾಲು ಬೆಂಗಳೂರಿನ ಕಡೆಗೇ ಮುಖ ಮಾಡಿಕೊಂಡು ಬಂದಿವೆ. ರಾಜಧಾನಿ ಹತ್ತಿರವಾಯಿತು, ನೆರೆಯೂರು ದೂರವಾಯಿತು.

ಮೊದಲು ಬಂದದ್ದು ರೈಲು. ಜೋಲಾರಪೇಟೆಯಿಂದ ಬೆಂಗಳೂರು ದಂಡು ಪ್ರದೇಶಕ್ಕೆ 1864ರಲ್ಲಿ ಹಳಿ ಬಿತ್ತು. ಆ ಹಳಿ ಕೋಲಾರ ಪಟ್ಟಣವನ್ನು ಮುಟ್ಟದೆ ದಕ್ಷಿಣದಲ್ಲಿ ಮಾಲೂರು, ಟೇಕಲ್, ಬೌರಿಂಗ್‌ಪೇಟೆಗಳ ಮೇಲೆ ಹಾದುಹೋಯಿತು. ಈಗಿನ ಬಂಗಾರಪೇಟೆಯೇ ಆ ಬೌರಿಂಗ್‌ಪೇಟೆ, ರೈಲಿನಿಂದಲೇ ಬೆಳೆದ ಊರು. ಅಲ್ಲಿಂದ ಮಾರಿಕುಪ್ಪಂವರೆಗೆ 1894ರಲ್ಲಿ ಹಾಕಿದ ಕವಲು ಹಳಿ ಕೆಜಿಎಫ್‌ನ ಚಿನ್ನದ ಗಣಿಗಾಗಿ. ಕೋಲಾರ ಪಟ್ಟಣಕ್ಕೆ ರೈಲು ಬಂದದ್ದು 1913ರಲ್ಲಿ, ಅದೂ ಎರಡೂವರೆ ಅಡಿಯ ನ್ಯಾರೊಗೇಜ್. ಬೆಂಗಳೂರು ಕಡೆಯಿಂದ ಚಿಕ್ಕಬಳ್ಳಾಪುರದವರೆಗೆ ಬಂದಿದ್ದ ಇನ್ನೊಂದು ನ್ಯಾರೊಗೇಜ್ ಮಾರ್ಗ 1918ರಲ್ಲಿ ಚಿಂತಾಮಣಿ, ಶ್ರೀನಿವಾಸಪುರಗಳ ಮೂಲಕ ಇದಕ್ಕೆ ಕೂಡಿಕೊಂಡಿತು. ನಿಧಾನದ ರೈಲು ನಿಜ. ಆದರೂ ಈ ಸೀಮೆಯ ಊರುಗಳನ್ನು ಒಂದಕ್ಕೊಂದು ಹೊಲಿದ ಹಳಿ ಅದೊಂದೇ. ಉಳಿದ ರೈಲುಗಳು ಊರುಗಳಿಂದ ಚಿನ್ನವನ್ನೋ ಜನರನ್ನೋ ಹೊರಗೆ ಸಾಗಿಸಿದವು, ಇದು ಸಂತೆಯಿಂದ ಸಂತೆಗೆ ನಡೆಯಿತು. ಬಂಗಾರಪೇಟೆ ಮತ್ತು ಕೋಲಾರದ ನಡುವೆ 1990ರ ದಶಕದಲ್ಲಿ ಬ್ರಾಡ್‌ಗೇಜ್ ಬಂತು, ಕೋಲಾರದಿಂದ ಚಿಕ್ಕಬಳ್ಳಾಪುರಕ್ಕೆ ಬರಲು 2013 ಆಗಬೇಕಾಯಿತು. ಹಳಿ ಅಗಲವಾಯಿತೇ ಹೊರತು ಓಡುವ ಪ್ಯಾಸೆಂಜರ್ ರೈಲುಗಳು ಇಂದಿಗೂ ಬೆರಳೆಣಿಕೆಯವು.

ಕೆಜಿಎಫ್‌ನ ಕಥೆ ಇನ್ನೂ ಹೆಚ್ಚು ನೋವಿನದು. ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರುವರಿ 28ರಂದು ಬಾಗಿಲು ಹಾಕಿದಾಗ ಆ ಊರಿನ ಜನ ಊರು ಬಿಡಲಿಲ್ಲ, ರೈಲು ಹತ್ತಿದರು. ಗಣಿಯ ಲೈನ್ ಮನೆಗಳಲ್ಲಿ ಮಲಗಿ ಬೆಂಗಳೂರಿನ ಕಾರ್ಖಾನೆ, ಅಂಗಡಿ, ಆಸ್ಪತ್ರೆ, ಸೆಕ್ಯುರಿಟಿ ಕೆಲಸಗಳಿಗೆ ಹೋಗಿ ರಾತ್ರಿ ಮರಳುವುದು ಅಲ್ಲಿನ ಬದುಕಾಯಿತು. ಮಾರಿಕುಪ್ಪಂನಿಂದ ಹೊರಡುವ ಸ್ವರ್ಣ ರೈಲಿನಲ್ಲಿ ಇಸ್ಪೀಟು ನಡೆಯುತ್ತದೆ, ಭಜನೆ ನಡೆಯುತ್ತದೆ, ಹೂ ಕಟ್ಟುತ್ತಾರೆ, ಮದುವೆಯ ಮಾತುಕತೆಯೂ ಆಗುತ್ತದೆ. ಪ್ರತಿ ಬೋಗಿಗೂ ತನ್ನದೇ ಆದ ನೆರೆಹೊರೆಯುಂಟು. ಗಣಿ ಕಳೆದುಕೊಂಡ ಊರನ್ನು ಊರಾಗಿ ಉಳಿಸಿದ್ದು ಈ ರೈಲು. ಸರ್ಕಾರದ ಯಾವ ಪುನರ್ವಸತಿ ಯೋಜನೆಗೂ ಇಷ್ಟು ಮಾಡಲು ಆಗಿಲ್ಲ ಎಂದೇ ನನ್ನ ನಂಬಿಕೆ.

ಮಾಲೂರಿನವರ ಪಾಡು ವಾಸಿ. ಹೆಂಚು, ಇಟ್ಟಿಗೆಗೆ ಹೆಸರಾದ ಊರು ಈಗ ಬೆಂಗಳೂರಿನ ಹೊರ ಬಡಾವಣೆಯಂತೆಯೇ ಆಗಿದೆ. ನೇರಳೆ ಮೆಟ್ರೊ 2023ರಲ್ಲಿ ವೈಟ್‌ಫೀಲ್ಡ್‌ ಮುಟ್ಟಿದ ಮೇಲೆ ಮಾಲೂರಿನಲ್ಲಿ ರೈಲು ಹತ್ತಿ ವೈಟ್‌ಫೀಲ್ಡಿನಲ್ಲಿ ಮೆಟ್ರೊ ಹಿಡಿಯುವುದು ಸಾಧ್ಯವಾಯಿತು. ಮಾಲೂರಿನ ನಿವೇಶನದ ಜಾಹೀರಾತುಗಳಲ್ಲಿ ಮೊದಲ ಸಾಲು ರೈಲು ನಿಲ್ದಾಣದ ದೂರವೇ. ಮುಳಬಾಗಿಲು ಹೆದ್ದಾರಿಯ ಊರು. ತಿರುಪತಿ, ಚಿತ್ತೂರು, ಚೆನ್ನೈ ಬಸ್ಸುಗಳು ಹಗಲೂ ರಾತ್ರಿ ಓಡುವ ರಸ್ತೆ ಅದಕ್ಕಿದೆ, ಆದರೆ ಅದೇ ತಾಲ್ಲೂಕಿನ ಒಳಹಳ್ಳಿಗೆ ಸಂಜೆ ಏಳರ ಮೇಲೆ ಹೋಗುವುದು ಕಷ್ಟ. ಹೊಸಕೋಟೆಯಿಂದ ಮಾಲೂರು, ಬಂಗಾರಪೇಟೆ ತಾಲ್ಲೂಕುಗಳ ಹೊಲಗಳ ನಡುವೆ ಸೀಳಿಕೊಂಡು ಹೋದ ಚೆನ್ನೈ ಎಕ್ಸ್‌ಪ್ರೆಸ್‌ವೇ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಪಕ್ಕದ ಹಳ್ಳಿಯವನು ಕೈ ಅಡ್ಡ ಹಿಡಿದು ಬಸ್ ಹತ್ತುವ ರಸ್ತೆಯಲ್ಲ ಅದು.

ರೈಲೂ ಹೆದ್ದಾರಿಯೂ ಇಲ್ಲದ ಕಡೆಗೆ ಬಂದದ್ದು ಸರ್ಕಾರಿ ಬಸ್ಸು. ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಆರಂಭವಾಯಿತು, 1961ರ ಆಗಸ್ಟಿನಲ್ಲಿ ನಿಗಮವಾಯಿತು. ಅದಕ್ಕೆ ಮೊದಲು ಖಾಸಗಿ ಬಸ್ಸುಗಳದೇ ಕಾಲ. ಕೋಲಾರ ಜಿಲ್ಲೆಯ ಮಾರ್ಗಗಳನ್ನು ರಾಷ್ಟ್ರೀಕರಿಸಲು ‘ಕೋಲಾರ ಪಾಕೆಟ್ ಸ್ಕೀಮ್’ ಎಂಬ ಯೋಜನೆ 1968ರಲ್ಲಿ ಬಂತು. ಆಗಲೇ ಪರ್ಮಿಟ್ ಪಡೆದಿದ್ದ ಖಾಸಗಿಯವರು ಎಷ್ಟರ ಮಟ್ಟಿಗೆ ಉಳಿಯಬಹುದು ಎಂಬ ವ್ಯಾಜ್ಯ ದಶಕಗಳ ಕಾಲ ನ್ಯಾಯಾಲಯಗಳಲ್ಲಿ ನಡೆಯಿತು. ಇಂದಿಗೂ ಈ ಸೀಮೆಯ ರಸ್ತೆಗಳಲ್ಲಿ ಕೆಂಪು ಬಸ್ಸಿನ ಹಿಂದೆಯೋ ಮುಂದೆಯೋ ಒಂದು ಖಾಸಗಿ ಬಸ್ಸು ಹಾರನ್ ಹೊಡೆಯುತ್ತ ಬರುವುದಕ್ಕೆ ಆ ಇತಿಹಾಸವೂ ಕಾರಣ. ಖಾಸಗಿಯವರು ಜನ ಹೆಚ್ಚಿರುವ ಹೊತ್ತನ್ನೂ ಮಾರ್ಗವನ್ನೂ ಬಲ್ಲರು. ಜನ ಕಡಿಮೆ ಇರುವ ಹೊತ್ತಿಗೆ ಓಡಬೇಕಾದವರು ನಿಗಮದವರೇ.

ಹಳ್ಳಿಗಾಡಿನಲ್ಲಿ ಸರ್ಕಾರಿ ಬಸ್ಸಿನ ನಿಜವಾದ ಅರ್ಥ ತಿಳಿಯಬೇಕಾದರೆ ನೈಟ್ ಹಾಲ್ಟ್ ಬಸ್ಸನ್ನು ನೋಡಬೇಕು. ರಾತ್ರಿ ಡಿಪೊಗೆ ಮರಳದೆ ಮಾರ್ಗದ ಕೊನೆಯ ಹಳ್ಳಿಯಲ್ಲೇ ತಂಗಿ, ಬೆಳಕು ಹರಿಯುವ ಮೊದಲು ಅಲ್ಲಿಂದಲೇ ಹೊರಡುವ ಬಸ್ಸು ಇದು. ಡ್ರೈವರ್, ಕಂಡಕ್ಟರ್ ಇಬ್ಬರೂ ಸೀಟಿನ ಮೇಲೋ ದೇವಸ್ಥಾನದ ಜಗಲಿಯಲ್ಲೋ ಮಲಗುತ್ತಾರೆ. ಯಾರದೋ ಮನೆಯಿಂದ ಮುದ್ದೆ, ಬಸ್ಸಾರು ಬರುತ್ತದೆ. ಬೆಳಿಗ್ಗೆ ಇಂಜಿನ್ ಚಾಲೂ ಆದ ಸದ್ದಿಗೆ ಇಡೀ ಊರು ಏಳುತ್ತದೆ. ಮೊದಲು ಹತ್ತುವವರು ಆಸ್ಪತ್ರೆಯ ಫೈಲನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡವರು, ಏಕೆಂದರೆ ಓಪಿಡಿ ಚೀಟಿಗೆ ಬೇಗ ಸಾಲು ನಿಲ್ಲಬೇಕು. ಆಮೇಲೆ ಗಾರೆ ಕೆಲಸದವರು, ಹೂವಿನ ಮಂಕರಿಯವರು. ಕೊನೆಗೆ ರೇಷ್ಮೆ ಗೂಡಿನ ಚೀಲ ಹೊತ್ತ ರೈತ. ಗೂಡು ಬಿಡಿಸಿದ ಮೇಲೆ ಚಿಟ್ಟೆ ಹೊರಗೆ ಬರುವುದರೊಳಗೆ ಮಾರುಕಟ್ಟೆ ಸೇರಬೇಕು, ಚೀಲದಲ್ಲಿ ಬಿಗಿದು ಬಿಸಿಯಾದರೂ ನೂಲು ಕೆಡುತ್ತದೆ. ಶಿಡ್ಲಘಟ್ಟದ ಹರಾಜಿಗೆ ಹೊತ್ತು ಮೀರಿ ಹೋದರೆ ಆ ದಿನದ ಬೆಲೆ ಹೋಯಿತು. ಒಂದು ನೈಟ್ ಹಾಲ್ಟ್ ರದ್ದಾಯಿತು ಎಂಬ ಸುದ್ದಿ ಪತ್ರಿಕೆಯಲ್ಲಿ ಎರಡು ಸಾಲೂ ಆಗುವುದಿಲ್ಲ, ಊರಿನಲ್ಲಿ ಮಾತ್ರ ಅದು ಇಷ್ಟು ಜನರ ಬೆಳಗನ್ನು ಕಸಿಯುತ್ತದೆ.

ಬಸ್ಸು ಜನರನ್ನು ಸಾಗಿಸಿದ್ದು ಮಾತ್ರವಲ್ಲ, ಊರುಗಳನ್ನೂ ಹುಟ್ಟಿಸಿತು. ತಾಡಿಗೋಳು ಕ್ರಾಸ್, ಎಚ್. ಕ್ರಾಸ್ ಇಂಥ ಕಡೆ ಒಂದು ಕಾಲಕ್ಕೆ ಇದ್ದದ್ದು ಎರಡು ರಸ್ತೆಗಳು ಕೂಡುವ ಜಾಗ ಮಾತ್ರ. ಒಳಹಳ್ಳಿಯವರು ನಡೆದು ಬಂದು ಮರದ ಕೆಳಗೆ ಬಸ್ಸಿಗೆ ಕಾಯುತ್ತಿದ್ದರು. ಕಾಯುವವರಿಗೆ ಟೀ ಅಂಗಡಿ ಬಂತು, ಸೈಕಲ್ ಬಿಟ್ಟು ಹೋಗುವವರಿಗೆ ಪಂಕ್ಚರ್ ಅಂಗಡಿ, ಆಮೇಲೆ ಔಷಧಿ ಅಂಗಡಿ, ಗೊಬ್ಬರದ ಮಂಡಿ, ಜೆರಾಕ್ಸ್, ಮೊಬೈಲ್ ರಿಪೇರಿ. ಇಂದು ಕ್ರಾಸ್ ಎಂದರೆ ಸುತ್ತಲ ಹತ್ತಾರು ಹಳ್ಳಿಗಳ ಪೇಟೆ. ಹಳೆಯ ಊರಿನಲ್ಲಿ ಕೇರಿ ಕೇರಿಗೆ ಜಾತಿಯ ಗೆರೆ ಇತ್ತು. ಕ್ರಾಸ್‌ನ ಬೆಂಚಿನ ಮೇಲೆ ಬಸ್ಸಿಗೆ ಕಾಯುವವರ ನಡುವೆ ಆ ಗೆರೆ ಅಷ್ಟು ಗಟ್ಟಿಯಾಗಿ ಉಳಿಯಲಿಲ್ಲ. ಪೂರ್ತಿ ಅಳಿಯಿತೆಂದು ಹೇಳಲಾರೆ. ಆದರೆ ಟಿಕೆಟ್ ಕೊಂಡವನು ಎಲ್ಲಿ ಬೇಕಾದರೂ ಕೂರಬಹುದು ಎಂಬ ನಿಯಮ ಈ ಹಳ್ಳಿಗಳಿಗೆ ದೊಡ್ಡ ಪಾಠವಾಗಿತ್ತು, ಆ ಪಾಠ ಕಲಿಸಿದ್ದು ಸರ್ಕಾರಿ ಬಸ್ಸು.

ಇನ್ನು ಹಣದ ಪ್ರಶ್ನೆ. ಬಸ್ಸಿನ ಮಾರ್ಗವನ್ನು ನಿಗಮ ಅಳೆಯುವುದು ಒಂದು ಕಿಲೋಮೀಟರಿಗೆ ಎಷ್ಟು ಆದಾಯ ಬಂತು ಎಂಬುದರ ಮೇಲೆ. ಈ ಲೆಕ್ಕದಲ್ಲಿ ಬೆಂಗಳೂರು ಮಾರ್ಗ ಯಾವಾಗಲೂ ಗೆಲ್ಲುತ್ತದೆ, ರಾಯಲ್ಪಾಡಿನ ಒಳಹಳ್ಳಿಗಳ ಮಾರ್ಗ ಯಾವಾಗಲೂ ಸೋಲುತ್ತದೆ. ಹೋಗುವಾಗ ತುಂಬಿದ ಬಸ್ಸು ಬರುವಾಗ ಖಾಲಿ. ಡಿಪೊದಲ್ಲಿ ಒಂದು ಬಸ್ಸು ಕೆಟ್ಟರೆ ಮೊದಲು ಕೈಬಿಡುವ ಟ್ರಿಪ್ ಇಂಥದ್ದೇ. ಡಿಪೊದವರನ್ನು ದೂರಿ ಪ್ರಯೋಜನವಿಲ್ಲ, ಅವರ ಕೈಗೆ ಕೊಟ್ಟಿರುವ ಅಳತೆಗೋಲೇ ಅದು. ಆರು ಗಂಟೆಯ ಬಸ್ಸು ತಪ್ಪಿದ ಡಯಾಲಿಸಿಸ್ ರೋಗಿ ಆ ಅಳತೆಗೋಲಿಗೆ ಸಿಗುವುದಿಲ್ಲ. ಪಿಯುಸಿಗೆ ಬಸ್ಸಿಲ್ಲವೆಂದು ಮನೆಯಲ್ಲೇ ಉಳಿದ ಹುಡುಗಿಯೂ ಸಿಗುವುದಿಲ್ಲ.

ಈ ಲೆಕ್ಕವನ್ನು ಅಲುಗಾಡಿಸಿದ್ದು ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಡುವ, 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆ. 2025ರ ಜುಲೈ ಹೊತ್ತಿಗೆ ರಾಜ್ಯದಲ್ಲಿ 500 ಕೋಟಿ ಉಚಿತ ಪ್ರಯಾಣಗಳಾದವು. ಹೆಂಗಸರು ದೇವಸ್ಥಾನ ಸುತ್ತುತ್ತಿದ್ದಾರೆ ಎಂದು ಹಗುರವಾಗಿ ಮಾತಾಡಿದವರು ಬೆಳಗಿನ ಬಸ್ಸಿನಲ್ಲಿ ಒಮ್ಮೆ ಕೂತು ಬಂದರೆ ಸಾಕು. ಗಾರ್ಮೆಂಟ್ಸ್‌ಗೆ ಹೋಗುವವರು, ಆಶಾ ಕಾರ್ಯಕರ್ತೆಯರು, ಮಂಡಿಗೆ ಸೊಪ್ಪು ಒಯ್ಯುವವರು, ತಾಯಿಗೆ ಜ್ವರ ಎಂದು ತವರಿಗೆ ಓಡುವವರು ಆ ಸೀಟುಗಳಲ್ಲಿದ್ದಾರೆ. ಕೂಲಿ ಮುನ್ನೂರು ಸಿಕ್ಕಿ ಬಸ್ಸಿಗೇ ಎಂಬತ್ತು ಕೊಡಬೇಕಾದವಳಿಗೆ ದೂರದ ಕೆಲಸ ಒಪ್ಪುವುದೇ ಸಾಧ್ಯವಿರಲಿಲ್ಲ. ಆದರೆ ಪ್ರಯಾಣಿಕರು ಹೆಚ್ಚಿದ ಅನುಪಾತದಲ್ಲಿ ಈ ಭಾಗದ ಬಸ್ಸುಗಳು ಹೆಚ್ಚಲಿಲ್ಲ. ಫುಟ್‌ಬೋರ್ಡಿನಲ್ಲಿ ನೇತಾಡುವ ಕಾಲೇಜು ಹುಡುಗರು ಅದಕ್ಕೆ ಸಾಕ್ಷಿ. 2025ರ ಜನವರಿಯಲ್ಲಿ ದರ ಶೇ 15ರಷ್ಟು ಏರಿದಾಗ ಅದರ ಭಾರ ಟಿಕೆಟ್ ಕೊಳ್ಳುವ ಗಂಡಸರ ಮೇಲೆ ಬಿತ್ತು, ಬಡ ಗಂಡಸರ ಮೇಲೂ. ಶಕ್ತಿ ಒಳ್ಳೆಯ ಯೋಜನೆ. ಬಸ್ಸೇ ಬಾರದ ಊರಿಗೆ ಮಾತ್ರ ಉಚಿತ ಟಿಕೆಟ್ಟಿನಿಂದ ಏನೂ ಸಿಗುವುದಿಲ್ಲ.

ಗಡಿಯ ವಿಷಯಕ್ಕೆ ಬಂದರೆ ರಾಯಲ್ಪಾಡಿನ ಕಷ್ಟ ಉಳಿದೆಡೆಗಿಂತ ಬೇರೆ. ಇಲ್ಲಿಯವರಿಗೆ ಮದನಪಲ್ಲಿ ಪರವೂರಲ್ಲ. ಟೊಮ್ಯಾಟೊ ಒಮ್ಮೆ ಕೋಲಾರದ ಎಪಿಎಂಸಿಗೆ ಹೋಗುತ್ತದೆ, ಬೆಲೆ ನೋಡಿಕೊಂಡು ಇನ್ನೊಮ್ಮೆ ಮದನಪಲ್ಲಿಯ ಮಂಡಿಗೆ ಹೋಗುತ್ತದೆ. ಸೀರೆ, ಒಡವೆ, ಡಾಕ್ಟರು, ಸಿನಿಮಾ, ಬೀಗತನ ಎಲ್ಲವೂ ಆ ಕಡೆಗೂ ಉಂಟು. ಆದರೆ ಬಸ್ಸಿನ ವ್ಯವಸ್ಥೆ ಈ ಬದುಕನ್ನು ಮೂರು ಗೆರೆಗಳಿಂದ ಕತ್ತರಿಸಿದೆ. ಮೊದಲನೆಯದು ರಾಜ್ಯದ ಗೆರೆ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗಿ ಚಿಂತಾಮಣಿ ಅತ್ತ ಸೇರಿದಾಗ ಎಳೆದದ್ದು ಎರಡನೆಯದು. ಜಿಲ್ಲೆಯ ಹಿಂದೆಯೇ ಬಂದ ಸಾರಿಗೆ ವಿಭಾಗಗಳದ್ದು ಮೂರನೆಯದು. ರಾಯಲ್ಪಾಡಿನವನು ದಿನವೂ ಓಡಾಡುವ ವರ್ತುಲದಲ್ಲಿ ಶ್ರೀನಿವಾಸಪುರ, ಚಿಂತಾಮಣಿ, ಮದನಪಲ್ಲಿ ಮೂರೂ ಇವೆ. ಆ ಮೂರನ್ನೂ ಒಟ್ಟಿಗೆ ನೋಡಿ ವೇಳಾಪಟ್ಟಿ ಬರೆಯುವ ಕಚೇರಿ ಮಾತ್ರ ಒಂದೂ ಇಲ್ಲ.

ಉಚಿತ ಪ್ರಯಾಣ ಬಂದ ಮೇಲೆ ಈ ಗೆರೆ ಇನ್ನಷ್ಟು ಕಾಣುತ್ತಿದೆ. ಶಕ್ತಿ ಇರುವುದು ಕರ್ನಾಟಕದೊಳಗೆ, ಕರ್ನಾಟಕದ ವಿಳಾಸವಿರುವ ಮಹಿಳೆಯರಿಗೆ. ಆಂಧ್ರದಲ್ಲಿ 2025ರ ಆಗಸ್ಟ್ 15ರಂದು ಸ್ತ್ರೀಶಕ್ತಿ ಎಂಬ ಹೆಸರಿನಲ್ಲಿ ಅಂಥದ್ದೇ ಯೋಜನೆ ಬಂತು, ಅದೂ ಆ ರಾಜ್ಯದೊಳಗೆ, ಆ ರಾಜ್ಯದವರಿಗೆ. ಈ ಹೋಬಳಿಯ ಹೆಣ್ಣುಮಗಳು ಮದನಪಲ್ಲಿ ಕಡೆಗೆ ಮದುವೆಯಾಗಿ ಹೋದರೆ ಆಧಾರ್ ವಿಳಾಸ ಗಂಡನ ಮನೆಯದ್ದಾಗುತ್ತದೆ. ಗೌನಿಪಲ್ಲಿ ಕಡೆಯ ತವರಿಗೆ ಬರುವಾಗ ಬಸ್ಸಿನಲ್ಲಿ ಕಂಡಕ್ಟರ್ ಜೊತೆ ಈ ಮಾತು ನಡೆಯುತ್ತದೆ:

“ಎಲ್ಲಿಗಮ್ಮಾ?”

“ಗೌನಿಪಲ್ಲಿಗಪ್ಪ.”

“ಆಧಾರ್ ತೋರ್ಸಮ್ಮ... ಇದು ಆಂಧ್ರ ವಿಳಾಸ ಅಲ್ವಾ? ಟಿಕೆಟ್ ತಗೋಬೇಕು.”

“ನಾನು ಹುಟ್ಟಿ ಬೆಳೆದಿದ್ದು ಇಲ್ಲೇ ಕಣಪ್ಪ. ನಮ್ಮಮ್ಮ ಇಲ್ಲೇ ಅವ್ರೆ.”

“ಗೊತ್ತಮ್ಮ. ಚೆಕಿಂಗ್‌ನೋರು ಹತ್ತಿದ್ರೆ ನನ್ನ ಕೇಳ್ತಾರೆ.”

ಇಬ್ಬರದೂ ತಪ್ಪಿಲ್ಲ. ಎರಡು ರಾಜ್ಯಗಳೂ ತಮ್ಮ ತಮ್ಮ ಹೆಣ್ಣುಮಕ್ಕಳಿಗೆ ಉಚಿತ ಎಂದಿವೆ, ಎರಡೂ ಕಡೆಗೆ ಸೇರಿದವಳು ಗಡಿ ದಾಟುವಾಗಲೆಲ್ಲ ದುಡ್ಡು ಕೊಡುತ್ತಾಳೆ.

ಗಡಿ ದಾಟುವ ಬಸ್ಸನ್ನು ಹೆಚ್ಚಿಸುವುದೂ ಡಿಪೊ ಮ್ಯಾನೇಜರರ ಕೈಯಲ್ಲಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 88ನೇ ಕಲಮಿನಡಿ ಎರಡು ರಾಜ್ಯಗಳು ಒಪ್ಪಂದ ಮಾಡಿಕೊಂಡು ಯಾರು ಯಾವ ಮಾರ್ಗದಲ್ಲಿ ಎಷ್ಟು ಬಸ್ಸು, ಎಷ್ಟು ಕಿಲೋಮೀಟರ್ ಓಡಿಸಬಹುದು ಎಂದು ಗೊತ್ತುಮಾಡುತ್ತವೆ. ಅಂಥ ಒಪ್ಪಂದಗಳಲ್ಲಿ ಮುಂದೆ ನಿಲ್ಲುವುದು ಬೆಂಗಳೂರು–ತಿರುಪತಿ, ಬೆಂಗಳೂರು–ಹೈದರಾಬಾದ್‌ನಂಥ ಲಾಭದ ಮಾರ್ಗಗಳು. ಬೆಂಗಳೂರಿಗೂ ಮದನಪಲ್ಲಿಗೂ ನಡುವೆ ಓಡುವ ದೂರದ ಬಸ್ಸುಗಳಿವೆ ನಿಜ, ಆದರೆ ಹಳ್ಳಿಹಳ್ಳಿಗೆ ನಿಂತು ಹೋಗುವ ಸಾಮಾನ್ಯ ಬಸ್ಸಿನ ಕೆಲಸ ಅವುಗಳದ್ದಲ್ಲ. ಆ ತೆರವನ್ನು ತುಂಬುತ್ತಿರುವುದು ಆಪೆ ಆಟೊಗಳು, ಟಾಟಾ ಏಸ್, ಮ್ಯಾಕ್ಸಿ ಕ್ಯಾಬ್. ಹಿಂದೆ ಬೆನ್ನು ಕೊಟ್ಟು ಕೂತವರು, ಮುಂದೆ ಡ್ರೈವರನ ಇಕ್ಕೆಲದಲ್ಲಿ ಒತ್ತಿಕೊಂಡವರು, ಮೇಲೆ ಮೂಟೆಗಳು. ಮಾವಿನ ಸುಗ್ಗಿಯಲ್ಲಿ ಕಾಯಿ ಕೀಳುವ ಕೂಲಿಯವರನ್ನು ಹೀಗೇ ತುಂಬಿಕೊಂಡು ಹೋಗುತ್ತಾರೆ. ಪಲ್ಟಿಯಾದ ದಿನ ಸುದ್ದಿ, ಮರುದಿನ ಅದೇ ಆಟೊ. ಆಟೊದವರನ್ನು ಹಿಡಿದು ದಂಡ ಹಾಕುವುದು ಸುಲಭ. ಆದರೆ ಆ ಆಟೊ ಇಲ್ಲದಿದ್ದರೆ ಆ ಹೊತ್ತಿನಲ್ಲಿ ಇನ್ನೇನಿದೆ ಎಂದು ಕೂಲಿಯವಳು ಕೇಳಿದರೆ ಉತ್ತರ ಕೊಡುವುದು ಸುಲಭವಲ್ಲ.

ಇದರ ನಡುವೆ ಹತ್ತು ಹದಿನೈದು ವರ್ಷಗಳಿಂದ ಇನ್ನೊಂದು ಸಾರಿಗೆ ಬೆಳೆದಿದೆ, ಅದನ್ನು ಸಾರ್ವಜನಿಕ ಸಾರಿಗೆಯ ಚರ್ಚೆಯಲ್ಲಿ ಯಾರೂ ಸೇರಿಸುವುದಿಲ್ಲ. ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಗಳ ಕಂಪನಿ ಬಸ್ಸುಗಳು ಅವು. ಹೋಂಡಾ ಬೈಕ್ ಕಾರ್ಖಾನೆ 2013ರಲ್ಲಿ ಬಂತು. ಐಫೋನ್ ಜೋಡಿಸುವ ವಿಸ್ಟ್ರಾನ್ ಕಾರ್ಖಾನೆ 2020ರಲ್ಲಿ ಶುರುವಾಗಿ 2023ರಲ್ಲಿ ಟಾಟಾ ಕೈಗೆ ಹೋಯಿತು. ಶಿಫ್ಟ್‌ಗೆ ಸರಿಯಾಗಿ ಕಂಪನಿ ಬಸ್ಸುಗಳು ತಾಲ್ಲೂಕುಗಳಿಂದ ಹುಡುಗ ಹುಡುಗಿಯರನ್ನು ತುಂಬಿಕೊಂಡು ಹೋಗುತ್ತವೆ. ನಸುಕಿನ ನಾಲ್ಕೂವರೆಗೆ ರಸ್ತೆ ಬದಿಯಲ್ಲಿ ಸ್ವೆಟರ್ ಹಾಕಿ, ಕೊರಳಿಗೆ ಐಡಿ ಕಾರ್ಡ್ ನೇತುಹಾಕಿಕೊಂಡು ನಿಂತ ಹೆಣ್ಣುಮಕ್ಕಳನ್ನು ಇಪ್ಪತ್ತು ವರ್ಷದ ಹಿಂದೆ ಈ ಸೀಮೆ ಕಂಡಿರಲಿಲ್ಲ. ಒಂದು ಕಂಪನಿ ಬಯಸಿದರೆ ಸೆಕೆಂಡ್ ಶಿಫ್ಟ್ ಮುಗಿಸಿದವರನ್ನು ನಡುರಾತ್ರಿ ಊರಿನ ಬಾಗಿಲಿಗೆ ಬಿಡಬಹುದು ಎಂಬುದು ಇದರಿಂದ ಗೊತ್ತಾಯಿತು. ಅಂದಮೇಲೆ ರಸ್ತೆ ಸರಿಯಿಲ್ಲ, ಹೊತ್ತು ಸರಿಯಿಲ್ಲ ಎಂಬ ಹಳೆಯ ಕಾರಣಗಳು ನಿಲ್ಲುವುದಿಲ್ಲ. ಬೇಸರವೆಂದರೆ ಅದೇ ರಸ್ತೆಯಲ್ಲಿ ಅದೇ ಹೊತ್ತಿಗೆ ಖಾಲಿ ಸೀಟಿನೊಂದಿಗೆ ಓಡುವ ಕಂಪನಿ ಬಸ್ಸಿಗೆ ಎದೆನೋವಿನವನೂ ಹತ್ತುವಂತಿಲ್ಲ.

ರೈಲಿನ ಭರವಸೆಗಳಿಗೆ ಈ ತಾಲ್ಲೂಕಿನಲ್ಲಿ ಕೊರತೆಯಿಲ್ಲ. ಶ್ರೀನಿವಾಸಪುರಕ್ಕೆ ರೈಲು ಬೋಗಿ ಕಾರ್ಖಾನೆ ಬರುತ್ತದೆಂಬ ಘೋಷಣೆಗೆ ದಶಕ ದಾಟಿದೆ, ಬೋಗಿ ಒಂದೂ ಹೊರಬಂದಿಲ್ಲ. ಶ್ರೀನಿವಾಸಪುರ–ಮದನಪಲ್ಲಿ ಹೊಸ ಮಾರ್ಗ ಬಜೆಟ್ಟಿನ ಪಟ್ಟಿಗಳಲ್ಲಿ ಬಂದು ಹೋಗಿದೆ. ಆ ಮಾರ್ಗ ಆದರೆ ಈ ಗಡಿಯ ಬದುಕೇ ಬದಲಾದೀತು, ಅದಕ್ಕಾಗಿ ಹೋರಾಡುವವರ ಜೊತೆ ನಾನೂ ಇದ್ದೇನೆ. ಆದರೆ ಅದಕ್ಕಾಗಿ ಕಾಯುತ್ತ ಇಂದು ಆಗಬಹುದಾದದ್ದನ್ನು ಬಿಡುವುದು ಸರಿಯಲ್ಲ. ಸ್ವಿಟ್ಜರ್‌ಲೆಂಡ್ 1982ರಲ್ಲಿ ಇಡೀ ದೇಶಕ್ಕೆ ಒಂದೇ ಲಯದ ವೇಳಾಪಟ್ಟಿ ತಂದಾಗ ಮೊದಲು ಮಾಡಿದ್ದು ಹೊಸ ಹಳಿ ಹಾಕುವುದನ್ನಲ್ಲ. ರೈಲು ಬರುವ ಹೊತ್ತಿಗೆ ಹಳ್ಳಿಯ ಹಳದಿ ಬಸ್ಸು ನಿಲ್ದಾಣದ ಹೊರಗೆ ನಿಂತಿರಬೇಕು ಎಂಬ ಶಿಸ್ತನ್ನು ಕಟ್ಟಿದರು. ಅವರ ಹಣ ನಮ್ಮಲ್ಲಿಲ್ಲ. ಆದರೆ ಗಡಿಯಾರ ನೋಡಿ ಎರಡು ಇಲಾಖೆಗಳು ಮಾತಾಡಿಕೊಳ್ಳಲು ದೊಡ್ಡ ಹಣ ಬೇಕಿಲ್ಲ. ಶ್ರೀನಿವಾಸಪುರದಲ್ಲಿ ರೈಲಿಳಿದವನಿಗೆ ರಾಯಲ್ಪಾಡಿನ ಬಸ್ಸು ಕಾದಿದ್ದರೆ ಆ ಬೆರಳೆಣಿಕೆಯ ರೈಲುಗಳಿಗೂ ಜನ ಹುಟ್ಟುತ್ತಾರೆ.

ಮಾಡಬೇಕಾದ್ದರಲ್ಲಿ ಮೊದಲನೆಯದು ನೈಟ್ ಹಾಲ್ಟ್‌ಗಳನ್ನು ಆದಾಯದ ಅಳತೆಯಿಂದ ಹೊರಗಿಡುವುದು. ಶಾಲೆ, ಆರೋಗ್ಯ ಕೇಂದ್ರಗಳಿಗೆ ಕೊಡುವಂತೆ ಅವಕ್ಕೂ ಸರ್ಕಾರ ನೇರವಾಗಿ ದುಡ್ಡು ಕೊಡಲಿ. ಮುಳಬಾಗಿಲು, ಶ್ರೀನಿವಾಸಪುರ, ಚಿಂತಾಮಣಿಗಳನ್ನು ಕೂಡಿಸುವ ಅಡ್ಡ ಮಾರ್ಗಗಳಲ್ಲಿ ಸಂಜೆ ಏಳರ ನಂತರವೂ ಬಸ್ಸಿರಲಿ, ಕೋಲಾರಕ್ಕೆ ಹೋಗಿ ಸುತ್ತಿ ಬರುವ ಶಿಕ್ಷೆ ಯಾರಿಗೂ ಬೇಡ. ಪ್ರತಿ ಕ್ರಾಸ್‌ನಲ್ಲೂ ಬಸ್ಸಿನ ಹೊತ್ತನ್ನು ಕನ್ನಡದಲ್ಲಿ ಬರೆದ ಬೋರ್ಡು ನಿಲ್ಲಲಿ, ಗಡಿಯ ಕ್ರಾಸ್‌ಗಳಲ್ಲಿ ಕೆಳಗೆ ತೆಲುಗೂ ಇರಲಿ. ಗಡಿಯಾಚೆಗಿನ ಮೊದಲ ಪಟ್ಟಣದವರೆಗೆ ಎರಡೂ ರಾಜ್ಯದ ಮಹಿಳೆಯರ ಉಚಿತ ಪ್ರಯಾಣವನ್ನು ಪರಸ್ಪರ ಒಪ್ಪಿಕೊಳ್ಳಲು ಬೇಕಾದದ್ದು ಎರಡು ಸರ್ಕಾರಗಳ ಒಂದು ಆದೇಶ ಮಾತ್ರ, ಲೆಕ್ಕವನ್ನು ಟಿಕೆಟ್ ಮಷೀನ್ ಇಟ್ಟುಕೊಳ್ಳುತ್ತದೆ. ಕರ್ನಾಟಕ, 88ನೇ ಕಲಮಿನ ಒಪ್ಪಂದಕ್ಕೆ ಆಂಧ್ರದೊಂದಿಗೆ ಮುಂದಿನ ಸಲ ಕೂರುವಾಗ ತನ್ನ ಪಟ್ಟಿಯಲ್ಲಿ ಶ್ರೀನಿವಾಸಪುರದಿಂದ ಹೊರಟು, ಗೌನಿಪಲ್ಲಿ, ರಾಯಲ್ಪಾಡುಗಳಲ್ಲಿ ನಿಂತು, ಹಳ್ಳಿಹಳ್ಳಿಗೆ ಜನರನ್ನು ಇಳಿಸಿ ಹತ್ತಿಸಿಕೊಂಡು ಮದನಪಲ್ಲಿ ಸೇರುವ ಸಾಮಾನ್ಯ ಬಸ್ಸುಗಳನ್ನು ಬರೆದುಕೊಳ್ಳಬೇಕು, ಬೆಳಿಗ್ಗೆ ಮಂಡಿಯ ಹೊತ್ತಿಗೆ ಒಂದು, ಸಂಜೆ ಮನೆಗೆ ಮರಳುವ ಹೊತ್ತಿಗೆ ಒಂದು.